ಪಂಡಿತಾ ರಮಾಬಾಯಿಯವರ ಚರಿತ್ರೆ

ಗೌರಸಮುದ್ರದ ಸೀಮೆಯಲ್ಲಿಯೂ ಚಳ್ಳಕೆರೆ ಮೊಳಕಾಲ್ಮೂರುಗಳ ಬಯಲಿನಲ್ಲಿಯೂ ಬಾಳುವ ನಮಗೆ ಬರಗಾಲವೆಂದರೇನೆಂದು ಯಾರೂ ಹೇಳಿಕೊಡಬೇಕಾದುದಿಲ್ಲ. ಮಳೆ ತಪ್ಪಿದ ವರುಷದಲ್ಲಿ ಮನೆಯವರೆಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳು ಹೆಂಗಸು. ಆಕೆ ಗಂಡನನ್ನು ಕಳೆದುಕೊಂಡವಳಾದರೆ ಉಂಡೆಯಾ ಎಂದು ಕೇಳುವವರೂ ವಿರಳ. ತಾನು ಯಾರಿಗೂ ಬೇಡದವಳೆಂಬ ಎಣಿಕೆಯು ಹಸಿವಿಗಿಂತಲೂ ಹೆಚ್ಚಾಗಿ ಮನುಷ್ಯರನ್ನು ಕುಗ್ಗಿಸುತ್ತದೆ. ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಎಳೆಯ ಪ್ರಾಯದಲ್ಲಿಯೇ ವಿಧವೆಯಾಗಿ, ತರುವಾಯ ಕ್ರಿಸ್ತನಲ್ಲಿ ತನ್ನ ಬೆಲೆಯನ್ನು ಕಂಡುಕೊಂಡು ಅದನ್ನು ಸಾವಿರಾರು ಮಂದಿಗೆ ತಿಳಿಯಪಡಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ರಮಾಬಾಯಿಯವರು ಹುಟ್ಟಿದುದು ನಮ್ಮ ಕನ್ನಡ ನಾಡಿನಲ್ಲಿಯೇ. ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅಡವಿಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಅವರು ಜನಿಸಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳ ಸೀಮೆಯ ಮಾಳ ಗ್ರಾಮದವರು, ಮಹಾ ಸಂಸ್ಕೃತ ಪಂಡಿತರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಟ್ಟಳೆಯಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಇದಕ್ಕಾಗಿ ನೆಂಟರಿಷ್ಟರ ವಿರೋಧವುಂಟಾಗಲು, ಊರನ್ನು ಬಿಟ್ಟು ಕಾಡಿನಲ್ಲಿ ಮನೆ ಕಟ್ಟಿ, ಅಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು.

ಕೂಸಿಗೆ ಆರು ತಿಂಗಳು ತುಂಬಿದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿದ ಆ ಕೂಸಿಗೆ ಅಂದಿನಿಂದ ಅನೇಕ ವರುಷಗಳ ತನಕ ನೆಲೆಯಾದ ಮನೆಯಿರಲಿಲ್ಲ. ಪುಣ್ಯಕ್ಷೇತ್ರಗಳಲ್ಲಿ ಪುರಾಣವನ್ನು ಓದಿ, ಭಕ್ತರು ಕೊಟ್ಟುದರಿಂದ ಅವರು ಜೀವನ ಮಾಡುತ್ತಿದ್ದರು. ತಾಯಿಯೇ ಮಗಳಿಗೆ ಗುರುವಾದಳು. ಭಾಗವತದ ಸಾವಿರಾರು ಶ್ಲೋಕಗಳು ಬಾಲಕಿಗೆ ಬಾಯಿಪಾಠವಾದವು.

1870ರ ಬಳಿಕ ಮದ್ರಾಸ್ ಪ್ರಾಂತದಲ್ಲಿ ಬರವು ಬಿತ್ತು. ಅದೇ ದಶಕದ ಕಡೆಯಲ್ಲಿ ಮೈಸೂರು ಸೀಮೆಯನ್ನು ಹಾಳುಮಾಡಿದ ಧಾತು ಈಶ್ವರ ಸಂವತ್ಸರಗಳ ಬರದ ಮಾತನ್ನು ನಮ್ಮ ಹಿರಿಯರ ಬಾಯಿಂದ ಕೇಳದವರಾರು? ಡೋಂಗರೆಯವರ ಕುಟುಂಬವು ಇದ್ದುದನ್ನೆಲ್ಲಾ ಮಾರಿ ತಿಂದು, ಕಡೆಗೆ ಕಾಡಿನ ಹಣ್ಣು ಸೊಪ್ಪುಗಳಿಂದ ಹೊಟ್ಟೆ ಹೊರೆಯಿತು. ಮೊದಲು ತಂದೆಯೂ ಬಳಿಕ ತಾಯಿಯೂ ತೀರಿಕೊಂಡರು. ತಾಯಿಯ ಹೆಣವನ್ನು ಹೊರುವುದಕ್ಕೆ ಜನ ಸಾಲದೆ, ಗಿಡ್ಡ ದೇಹದ ರಮಾಬಾಯಿಯವರು ಚಟ್ಟದ ಒಂದು ಕೊನೆಯನ್ನು ತಲೆಯ ಮೇಲಿಟ್ಟುಕೊಂಡು ಮಸಣಕ್ಕೆ ನಡೆದರು. ಅಕ್ಕನೂ ಸತ್ತಳು. ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ. ಇವರಿಬ್ಬರೂ ಉತ್ತರ ದೇಶದ ವರೆಗೆ ಬರಿಗಾಲಿನಲ್ಲಿ ನಡೆದರು. ಹೊದೆಯಲು ಬಟ್ಟೆಯಿಲ್ಲದೆ, ಝೇಲಂ ನದಿಯ ದಡದಲ್ಲಿ ಗೋರಿಯಂತೆ ಗುಂಡಿ ತೋಡಿ, ಮೈಮೇಲೆ ಮರಳನ್ನೆಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು.

1878ರಲ್ಲಿ ಅವರು ಕಲ್ಕತ್ತೆಗೆ ಬಂದರು. ಇಪ್ಪತ್ತು ವರುಷದ ಕನ್ಯೆಯು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ, ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನು ಕೊಟ್ಟರು. ನಿನ್ನೆಯ ತನಕ ಮರಳಿನಲ್ಲಿ ಮಲಗಿದವರಿಗೆ ಇಂದು ಸಭೆಗಳಲ್ಲಿ ಮನ್ನಣೆ. ಆದರೆ ಆ ಮನ್ನಣೆಯು ಅವರ ಮನಸ್ಸಿಗೆ ಶಾಂತಿಯನ್ನು ತರಲಿಲ್ಲ. ಧರ್ಮಶಾಸ್ತ್ರಗಳನ್ನು ಓದಿದಷ್ಟೂ ಒಂದು ಸಂಗತಿಯು ಅವರಿಗೆ ಸ್ಪಷ್ಟವಾಯಿತು: ಅನೇಕ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳ ಆ ಗ್ರಂಥಗಳು, ಹೆಂಗಸರೂ ಶೂದ್ರರೂ ಕೀಳೆಂಬುದರಲ್ಲಿ ಮಾತ್ರ ಒಮ್ಮತವಾಗಿರುವಂತೆ ಅವರಿಗೆ ತೋರಿತು. ತನಗೆ ದೊರೆತ ಗೌರವವು ತನ್ನ ವಿದ್ಯೆಗೆ ದೊರೆತದ್ದೇ ಹೊರತು, ಓದುಬಾರದ ಕೋಟ್ಯಂತರ ಸಹೋದರಿಯರಿಗೆ ಅದರಲ್ಲಿ ಪಾಲಿಲ್ಲವೆಂದು ಅವರು ಮನಗಂಡರು.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ, ಬಂಗಾಳಿ ಶೂದ್ರ ಕುಲದ ವಕೀಲರಾದ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದ ಅವರ ಮನೆಯಲ್ಲಿಯೇ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ರಮಾಬಾಯಿಯವರ ಕೈಗೆ ಸಿಕ್ಕಿತು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ಮರುವರುಷ ಫೆಬ್ರವರಿಯಲ್ಲಿ ಗಂಡನು ಕಾಲರಾ ರೋಗದಿಂದ ಸತ್ತನು. ಇಪ್ಪತ್ತಮೂರು ವರುಷದ ಪಂಡಿತೆಯು ಹಸುಗೂಸಿನ ಸಂಗಡ ವಿಧವೆಯಾದರು.

ಪುಣೆಯಲ್ಲಿ ಸ್ವಲ್ಪ ಕಾಲವಿದ್ದು ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ಅವರು ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ ಕಾರಣ ಆ ಆಸೆಯು ಕೈಗೂಡಲಿಲ್ಲ. ಆದರೆ ದೇವರು ಬೇರೊಂದು ಬಾಗಿಲನ್ನು ತೆರೆದನು. ಲಂಡನ್ನಿನ ಫುಲ್ಹಾಮ್ ಎಂಬಲ್ಲಿ, ಲೋಕವು ಕೆಟ್ಟವರೆಂದು ತಳ್ಳಿಬಿಟ್ಟ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಪ್ರೀತಿಯಿಂದ ಸಾಕುತ್ತಿರುವುದನ್ನು ಅವರು ನೋಡಿದರು. ಇಂಥವರ ಮೇಲೆ ಇಷ್ಟು ಕರುಣೆಯೇಕೆಂದು ಕೇಳಿದಾಗ, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆಗೆದು, ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಸ್ತ್ರೀಯ ಸಂಗಡ ಮಾತಾಡಿದ ಸಂಗತಿಯನ್ನು ವಿವರಿಸಿದಳು. ಜಾತಿಯಿಂದ ದೂರವಾದವಳು, ನಡತೆಯಿಂದ ಹೆಸರುಗೆಟ್ಟವಳು, ನಡುಹಗಲಲ್ಲಿ ಒಬ್ಬಳೇ ನೀರಿಗೆ ಬಂದವಳು. ಅಂಥವಳ ಕೈಯಿಂದ ನೀರು ಕೇಳಿ, ಅವಳಿಗೆ ದೇವರ ಸತ್ಯವನ್ನು ಬೋಧಿಸಿದ ರಕ್ಷಕನನ್ನು ಕಂಡು ರಮಾಬಾಯಿಯವರ ಹೃದಯವು ಕರಗಿತು. 1883ನೆಯ ಸೆಪ್ಟೆಂಬರ್ 29ರಂದು ಅವರು ಮಗಳ ಸಂಗಡ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಕ್ರೈಸ್ತರಾದ ಮೇಲೆಯೂ ಅವರು ಸೀರೆಯನ್ನು ಬಿಡಲಿಲ್ಲ, ಮಾಂಸವನ್ನು ಮುಟ್ಟಲಿಲ್ಲ. ತಮಗೆ ಒಪ್ಪಿಗೆಯಾಗದ ಮಾತನ್ನು ಗುರುಗಳು ಹೇಳಿದರೂ ಕಣ್ಣುಮುಚ್ಚಿ ಒಪ್ಪಲಿಲ್ಲ. ದೇವರ ಮುಂದೆ ಬೆಲೆಯುಳ್ಳವಳಾದವಳು ಮನುಷ್ಯರ ಮುಂದೆ ಪರದೇಶದವಳಂತೆ ವೇಷ ಹಾಕಬೇಕಾದುದಿಲ್ಲವೆಂದು ಅವರ ನಡತೆಯೇ ಸಾರಿತು.

ಇನ್ನೊಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ದೀಕ್ಷಾಸ್ನಾನವಾಗಿ ಎಂಟು ವರುಷಗಳು ಕಳೆದರೂ ಅವರ ಅಂತರಂಗಕ್ಕೆ ನೆಮ್ಮದಿಯಿರಲಿಲ್ಲ. ತನಗೆ ಕ್ರೈಸ್ತ ಮತವು ದೊರೆತಿದೆ, ಕ್ರಿಸ್ತನು ಇನ್ನೂ ದೊರೆತಿಲ್ಲವೆಂದು ಅವರು ಅರಿತುಕೊಂಡರು. 1891ರ ಸುಮಾರಿಗೆ, ತನ್ನ ವಿದ್ಯೆಯನ್ನಾಗಲಿ ಸತ್ಕಾರ್ಯಗಳನ್ನಾಗಲಿ ನೆಚ್ಚದೆ, ಇದ್ದ ಹಾಗೆಯೇ ಆತನ ಕೈಗೆ ತನ್ನನ್ನು ಒಪ್ಪಿಸಿಕೊಟ್ಟಾಗ ಶಾಂತಿಯುಂಟಾಯಿತು. ಬಿರುದುಗಳನ್ನು ಪಡೆದ ಪಂಡಿತೆಯೂ ಬರಿಗೈಯ ಪಾಪಿಯಂತೆಯೇ ಬರಬೇಕಾಯಿತು.

ಅಷ್ಟರಲ್ಲಿ ಅವರು ಅಮೆರಿಕಕ್ಕೆ ಹೋಗಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಪಾಡನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿ, ಸಹಾಯವನ್ನು ಕೂಡಿಸಿಕೊಂಡು ಬಂದಿದ್ದರು. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು; ಮರುವರುಷ ಅದು ಪುಣೆಗೆ ಬಂತು. ಕೆಲವು ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕೂಡುತ್ತಾರೆಂಬ ಕಾರಣದಿಂದ 1893ರಲ್ಲಿ ಊರಿನ ದೊಡ್ಡವರು ಬೆಂಬಲವನ್ನು ಹಿಂದೆಗೆದರು. ಅನೇಕ ಮಕ್ಕಳನ್ನು ಅವರ ಪಾಲಕರು ಬಿಡಿಸಿಕೊಂಡು ಹೋದರು. ಆದರೂ ರಮಾಬಾಯಿಯವರು ಎದೆಗುಂದಲಿಲ್ಲ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರವು ಬಿದ್ದಿತು. ತಮ್ಮ ಹಿಂದಿನ ಹಸಿವು ಅವರಿಗೆ ನೆನಪಾಯಿತು. ತಾವೇ ಅಲ್ಲಿಗೆ ಹೋಗಿ, ಸುಮಾರು ಮುನ್ನೂರು ಮಂದಿ ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದು, ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಕೊಂಡುಕೊಂಡಿದ್ದ ಹೊಲದಲ್ಲಿ ಇಳಿಸಿದರು. ಇದೇ ಮುಕ್ತಿ ಸದನವಾಯಿತು. 1900ರ ಗುಜರಾತಿನ ಬರವಾದ ಮೇಲೆ ಅಲ್ಲಿ ಸಾವಿರಕ್ಕೂ ಮಿಕ್ಕಿದ ಜನರಿದ್ದರು. ಬಂದವರು ಬರಿಯ ಅನ್ನ ತಿಂದು ಕೂಡಲಿಲ್ಲ. ನಮ್ಮ ಮೊಳಕಾಲ್ಮೂರಿನ ಮಗ್ಗಗಳಂತೆ ಅಲ್ಲಿಯೂ ಮಗ್ಗಗಳು ಆಡಿದವು. ಹಾಲು ಕರೆಯುವುದು, ಎಣ್ಣೆ ತೆಗೆಯುವುದು, ಬೇಸಾಯ, ಅಚ್ಚಿನ ಕೆಲಸ, ಎಲ್ಲವನ್ನೂ ಹೆಂಗಸರೇ ಕಲಿತರು. ಕುರುಡರು ಬೆರಳಿನಿಂದ ಓದಲು ಕಲಿತರು. ಮೋಸಹೋಗಿ ಕೆಟ್ಟ ಹೆಂಗಸರಿಗಾಗಿ ಕೃಪಾ ಸದನವೆಂಬ ಬೇರೆ ಮನೆಯನ್ನು ಕಟ್ಟಿದರು. ಫುಲ್ಹಾಮಿನಲ್ಲಿ ಕಂಡುದು ಕೇಡಗಾಂವಿನಲ್ಲಿ ಫಲಕೊಟ್ಟಿತು. 1912ರ ಸುಮಾರಿಗೆ ಕನ್ನಡ ನಾಡಿನ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆದರು. ಮನೋರಮೆಯು ಅದಕ್ಕೆ ಆಧಾರವಾಗಿದ್ದಳು.

ಕಡೆಯ ವರುಷಗಳನ್ನು ಅವರು ಸತ್ಯವೇದದ ಮರಾಠಿ ಭಾಷಾಂತರಕ್ಕಾಗಿ ಮುಡಿಪಿಟ್ಟರು. ಇದ್ದ ಭಾಷಾಂತರವು ಹಳ್ಳಿಯ ಹೆಂಗಸರಿಗೆ ಕಠಿಣವೆಂದು ತೋರಿದುದರಿಂದ, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಸುಲಭವಾದ ಮಾತಿನಲ್ಲಿ ಅದನ್ನು ಬರೆದರು. ಮುಕ್ತಿಯ ಹೆಂಗಸರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. 1921ರಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತೀರಿಕೊಂಡಳು. ಆ ದುಃಖದಲ್ಲಿಯೂ ತಾಯಿಯು ಕೆಲಸವನ್ನು ಬಿಡಲಿಲ್ಲ. 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಸಂಪೂರ್ಣ ಗ್ರಂಥವು 1924ರಲ್ಲಿ ಹೊರಬಂತು. ಮುಕ್ತಿಯ ಸೇವೆಯು ಇಂದಿಗೂ ಕೇಡಗಾಂವಿನಲ್ಲಿ ನಡೆಯುತ್ತಿದೆ.

ಪ್ರಿಯರೇ, ವಿದ್ಯೆಯಿದ್ದವರಿಗೆ ವಿದ್ಯೆಯಿಂದಲೂ, ಹೊಲವಿದ್ದವರಿಗೆ ಹೊಲದಿಂದಲೂ ಲೋಕವು ಬೆಲೆ ಕಟ್ಟುತ್ತದೆ. ಅವು ಹೋದಾಗ ಬೆಲೆಯೂ ಹೋಗುತ್ತದೆ. ದೇವರು ಕಟ್ಟಿದ ಬೆಲೆಯು ಬರಗಾಲದಲ್ಲಿ ಇಳಿಯುವುದಿಲ್ಲ. ಇದನ್ನು ಕಂಡವರು ತಮ್ಮಲ್ಲಿಯೇ ಇಟ್ಟುಕೊಳ್ಳಲಾರರು. ನಮ್ಮ ಸಭೆಯಲ್ಲಿ ಬಾಗಿಲ ಬಳಿಯೇ ಕೂತು, ಯಾರೊಡನೆಯೂ ಮಾತಾಡದೆ ಎದ್ದುಹೋಗುವ ವಿಧವೆಯಿದ್ದಾಳೆಯೇ? ಓದು ಬಾರದೆಂದು ನಾಚಿ ಹಿಂದೆ ಸರಿಯುವ ಸಹೋದರಿಯಿದ್ದಾಳೆಯೇ? ಮುಂದಿನ ಆದಿತ್ಯವಾರ ಅವಳನ್ನು ಹೆಸರು ಹಿಡಿದು ಕರೆದು ಹತ್ತಿರ ಕೂಡ್ರಿಸಿಕೊಳ್ಳೋಣ, ದಿನಕ್ಕೊಂದು ಅಕ್ಷರವನ್ನಾದರೂ ಕಲಿಸೋಣ. ಬಾವಿಯ ಬಳಿಯಲ್ಲಿ ಆ ಸ್ತ್ರೀಯ ಸಂಗಡ ಮಾತಾಡಿದ ಕರ್ತನು ನಮಗೆಲ್ಲರಿಗೂ ಅಂಥ ಮನಸ್ಸನ್ನು ದಯಪಾಲಿಸಲಿ.