ಬಣ್ಣದಲ್ಲಿ ಬಲಿಪೂಜೆ: ಸಹೋದರ ಅಂತೋನಿಯೊ ಮೊಸ್ಕೇನಿ

ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಅಡಿಗಲ್ಲನ್ನಿಟ್ಟ ಗುರುಗಳನ್ನೂ ಧನಸಹಾಯವಿತ್ತ ದಾನಿಗಳನ್ನೂ ಸ್ಮರಿಸುವುದು ವಾಡಿಕೆ. ಗೋಡೆ ಕಟ್ಟಿದ, ಬಣ್ಣ ಬಳಿದ ಕೈಗಳು ಮಾತ್ರ ಮರೆತುಹೋಗುತ್ತವೆ. ನಮ್ಮ ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಯನ್ನು ಕಂಡು ಬೆರಗಾಗುವವರಲ್ಲಿ ಅದರ ಶಿಲ್ಪಿಗಳನ್ನು ನೆನೆಯುವವರೆಷ್ಟು ಮಂದಿ? ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ, ಕುಂಚವನ್ನೇ ಪ್ರಾರ್ಥನೆಯಾಗಿಸಿಕೊಂಡ ಒಬ್ಬ ಸಹೋದರರ ಜೀವನವನ್ನು ಓದುಗರ ಮುಂದಿಡುತ್ತಿದ್ದೇನೆ.

ಅಂತೋನಿಯೊ ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಮೊ ನಗರದ ಸಮೀಪವಿರುವ ಸ್ತೆಜ್ಜಾನೊ ಗ್ರಾಮದಲ್ಲಿ ಜನಿಸಿದರು. ಬೆರ್ಗಮೊದ ಕರಾರಾ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಕೈಗೂಡಿದ ಕಲೆಯಿಂದ ಹಣವನ್ನೂ ಹೆಸರನ್ನೂ ಗಳಿಸಬಹುದಾಗಿದ್ದ ಅವರು 1889ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆಯನ್ನು ಬಯಸದೆ ಸಾಮಾನ್ಯ ಸಹೋದರರಾಗಿಯೇ ಉಳಿದರು.

ಯೇಸುಸಭೆಗೆ ಚಿತ್ರಕಾರ ಸಹೋದರರ ಪರಂಪರೆಯೊಂದಿದೆ. ಮಿಲಾನಿನ ಸಹೋದರ ಜುಸೆಪ್ಪೆ ಕಸ್ತಿಲ್ಯೋನೆಯವರು 1715ರಲ್ಲಿ ಚೀನಾದೇಶಕ್ಕೆ ತೆರಳಿ, ಬೀಜಿಂಗಿನ ಅರಮನೆಯಲ್ಲಿ ಒಬ್ಬರ ನಂತರ ಒಬ್ಬರಂತೆ ಮೂವರು ಚಕ್ರವರ್ತಿಗಳ ಸೇವೆ ಮಾಡಿದರು. ದೊರೆ-ರಾಣಿಯರ ಭಾವಚಿತ್ರಗಳನ್ನು ಬರೆದರು. ಅಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದಾಗಲೂ ಆಸ್ಥಾನವನ್ನು ಬಿಡದೆ 1766ರಲ್ಲಿ ಅದೇ ನಗರದಲ್ಲಿ ಕಣ್ಣುಮುಚ್ಚಿದರು. ಮೊಸ್ಕೇನಿಯವರೂ ತಾಯ್ನಾಡನ್ನು ತೊರೆದು ಬಂದವರೇ. ಆದರೆ ಅವರಿಗೆ ದೊರೆತ ಆಸ್ಥಾನ ಅರಮನೆಯಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ.

1878ರ ಕೊನೆಯಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದು, 1880ರಲ್ಲಿ ಆ ಕಾಲೇಜನ್ನು ಆರಂಭಿಸಿದ್ದರು. ಅದರ ಪ್ರಾರ್ಥನಾಮಂದಿರವನ್ನು ಮೊಸ್ಕೇನಿಯವರು 1899ರಿಂದ 1901ರ ಅವಧಿಯಲ್ಲಿ ಚಿತ್ರಗಳಿಂದ ತುಂಬಿದರು. ಗೋಡೆಗಳಲ್ಲಿ ಹಸಿ ಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳು; ಮೇಲ್ಛಾವಣಿಯಲ್ಲಿ ಬಟ್ಟೆಯ ಮೇಲೆ ತೈಲವರ್ಣ. ಹಸಿ ಗಾರೆಯ ಕೆಲಸ ಬಲು ಕಠಿಣ. ಸುಣ್ಣ ಒಣಗುವುದರೊಳಗೆ ಅಂದಂದಿನ ಭಾಗವನ್ನು ಅಂದಂದೇ ಮುಗಿಸಬೇಕು. ಒಣಗಿದ ಮೇಲೆ ತಿದ್ದುವುದು ಸುಲಭವಲ್ಲ. ಕರಾವಳಿಯ ಸೆಕೆಯಲ್ಲಿ, ಅಟ್ಟಣಿಗೆಯ ಮೇಲೆ ನಿಂತು, ಈ ಮಹಾಕಾರ್ಯವನ್ನು ಅವರು ಪೂರೈಸಿದರು.

ಛಾವಣಿಯಲ್ಲಿ ಅವರು ಚಿತ್ರಿಸಿದ್ದು ಸಂತ ಅಲೋಶಿಯಸ್ ಗೊನ್ಜಾಗರ ಜೀವನವನ್ನು. ಆ ಸಂತರು ರಾಜವಂಶದ ಕುಡಿ. ಸ್ಪೇನಿನ ಅರಸನ ಆಸ್ಥಾನದಲ್ಲಿ ಕೆಲಕಾಲ ಇದ್ದವರು. ಎಲ್ಲವನ್ನೂ ತ್ಯಜಿಸಿ ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರರ ಎಳೆವಯಸ್ಸಿನಲ್ಲಿ, ದೈವಾಧೀನರಾದರು. ಅರಸನ ವೈಭವವನ್ನಲ್ಲ, ವೈಭವವನ್ನು ಬಿಟ್ಟವನ ಮುಖವನ್ನು ಬರೆಯುವ ಭಾಗ್ಯ ಮೊಸ್ಕೇನಿಯವರದಾಯಿತು.

ಮುಂದೆ ಅವರನ್ನು ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯದ ಅಲಂಕಾರಕ್ಕೆ ಕರೆಸಿಕೊಳ್ಳಲಾಯಿತು. ಅಲ್ಲಿಯೇ 1905ರ ನವೆಂಬರ್ 15ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಪ್ರಧಾನಾಲಯದ ಪ್ರತಿಷ್ಠೆ ನಡೆದದ್ದು ನಾಲ್ಕು ದಿನಗಳ ತರುವಾಯ. ತಾನು ಸಿಂಗರಿಸಿದ ಪೀಠದಲ್ಲಿ ಪ್ರತಿಷ್ಠಾಪೂಜೆಯನ್ನು ಕಾಣುವ ಯೋಗ ಆ ಸೇವಕನಿಗೆ ಒದಗಲಿಲ್ಲ.

ಉಪ್ಪುಗಾಳಿಗೂ ಮಳೆಗೂ ಮಾಸುತ್ತಿದ್ದ ಮಂಗಳೂರಿನ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಜೀರ್ಣೋದ್ಧಾರ ಮಾಡಿದರು. ಇಂದಿಗೂ ಎಲ್ಲ ಮತಗಳ ಜನರು ಬಂದು ತಲೆಯೆತ್ತಿ ನೋಡಿ ಹೋಗುತ್ತಾರೆ.

ಪ್ರಿಯ ಕ್ರೈಸ್ತಬಾಂಧವರೇ, ಬಿತ್ತುವವನೊಬ್ಬ, ಕೊಯ್ಯುವವನು ಮತ್ತೊಬ್ಬ. ನಾವು ಇಂದು ಆಚರಿಸುವ ಉತ್ಸವವನ್ನು ಕಾಣದೆಯೇ ಈ ದೇವಾಲಯಕ್ಕಾಗಿ ದುಡಿದು ಹೋದವರು ಅನೇಕರು. ಅವರನ್ನು ನಮ್ಮ ಬಲಿಪೂಜೆಯಲ್ಲಿ ನೆನೆಯೋಣ. ನಾವೂ ಫಲವನ್ನು ಎಣಿಸದೆ, ಗಾರೆ ಹಸಿಯಾಗಿರುವಾಗಲೇ, ನಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸೋಣ.