ದೊಡ್ಡಬಳ್ಳಾಪುರದ ರುಮಾಲೆ ಬರೆದ ಬೆಂಗಳೂರಿನ ಮರಗಳು

ಬೆಳಿಗ್ಗೆ ಅಂಗಡಿ ಷಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆ ಮೇಲಿನ ಪಟಕ್ಕೆ ಊದುಬತ್ತಿ ಬೆಳಗುವ ಯಜಮಾನರನ್ನು ಒಂದು ಮಾತು ಕೇಳಬೇಕು. ಆ ಲಕ್ಷ್ಮಿಯನ್ನು ಬರೆದವರು ಯಾರು ಸ್ವಾಮಿ? ರವಿವರ್ಮ ಅಂತ ಬಹಳ ಜನ ಹೇಳಿಯಾರು. ಸರಿಯೇ. ಕೇರಳದ ಆ ಮಹಾಶಯರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ದೇವರ ಪಟಗಳನ್ನು ಅಚ್ಚು ಮಾಡಿಸಿದರು. ಅವರು ತೀರಿಕೊಂಡದ್ದು 1906ರಲ್ಲಿ. ಆದರೂ ಅವರು ಬರೆದ ಲಕ್ಷ್ಮಿಯ ಮುಖ, ಸೀರೆ, ಕಮಲ ಎಲ್ಲಾ ಇವತ್ತಿಗೂ ಕಿರಾಣಿ ಅಂಗಡಿಯಿಂದ ಕಟಿಂಗ್ ಷಾಪಿನವರೆಗೆ ತೂಗಾಡುತ್ತಿವೆ.

ಇನ್ನೊಂದು ಪ್ರಶ್ನೆ. ನಮ್ಮ ದೊಡ್ಡಬಳ್ಳಾಪುರದಲ್ಲೇ ಹುಟ್ಟಿ, ನಾಡಿನ ದೊಡ್ಡ ಚಿತ್ರಕಾರರ ಸಾಲಿನಲ್ಲಿ ನಿಂತವರು ಯಾರು?

ಇದಕ್ಕೆ ಉತ್ತರ ಹೇಳುವವರು ಕಡಿಮೆ. ಹೇಳಿದರೂ, ಅವರು ಕಾಂಗ್ರೆಸ್ಸಿನವರಲ್ಲವೇ ಅಂತ ಒಂದು ಅನುಮಾನ ಸೇರಿಸಿಯೇ ಹೇಳುತ್ತಾರೆ. ಅನುಮಾನ ತಪ್ಪಲ್ಲ. ರುಮಾಲೆ ಚನ್ನಬಸವಯ್ಯನವರು ಕಾಂಗ್ರೆಸ್ಸಿನವರೂ ಹೌದು, ಪತ್ರಿಕೆಯವರೂ ಹೌದು, ಚಿತ್ರಕಾರರೂ ಹೌದು. ಒಬ್ಬ ಮನುಷ್ಯ ಮೂರು ಜನ್ಮ ಬಾಳಿದ ಹಾಗೆ. ಗಟ್ಟಿಯಾಗಿ ಉಳಿದಿರುವುದು ಮಾತ್ರ ಚಿತ್ರ.

ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಇದು ಮಗ್ಗದ ಊರು. ಬಣ್ಣ ಕಟ್ಟಿದ ನೂಲು ಬಿಸಿಲಿಗೆ ಒಣಗುವುದನ್ನು ನೋಡುತ್ತ ಬೆಳೆಯುವ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಬಣ್ಣದ ಪರಿಚಯ ಆಗುತ್ತದೆ ಅನ್ನುವುದು ನನ್ನ ಲೆಕ್ಕ. ಇನ್ನು ಊರಿನ ಈಶಾನ್ಯಕ್ಕೆ ನಂದಿ ಬೆಟ್ಟ. ಅಲ್ಲಿ ಹುಟ್ಟಿದ ಅರ್ಕಾವತಿ ಈ ಸೀಮೆಯ ಕೆರೆಗಳನ್ನು ತುಂಬಿಸಿಕೊಂಡು ಹರಿಯುತ್ತಿದ್ದ ಕಾಲ ಅದು. ಕಣ್ಣಿದ್ದವನಿಗೆ ಬರೆಯುವುದಕ್ಕೆ ವಸ್ತು ಹುಡುಕಬೇಕಾಗಿರಲಿಲ್ಲ.

ಹುಡುಗ ಚಿತ್ರ ಕಲಿಯುವುದಕ್ಕೆ ಬೆಂಗಳೂರಿಗೆ ಹೋದ. ಅಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಆರಂಭಿಸಿದ ಕಲಾಮಂದಿರ ಇತ್ತು. ಸರ್ಕಾರದ ಹಂಗಿಲ್ಲದೆ ಸ್ವಂತ ಬಲದ ಮೇಲೆ ನಡೆದ ಚಿತ್ರಶಾಲೆ ಅದು. ಆಮೇಲೆ ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿ ಚಿತ್ರ ಕಲಿತವರಿಗೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಮೋಸವಿರಲಿಲ್ಲ. ಅದೃಷ್ಟ ಚೆನ್ನಾಗಿದ್ದರೆ ಅರಮನೆಯ ಕೆಲಸ.

ಆದರೆ ಕಾಲ ಸುಮ್ಮನೆ ಇರಗೊಡಲಿಲ್ಲ. 1927ರ ಬೇಸಿಗೆಯಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟು ವಿಶ್ರಾಂತಿಗೆ ಬಂದದ್ದು ಇದೇ ನಂದಿ ಬೆಟ್ಟಕ್ಕೆ. 1936ರಲ್ಲಿ ಮತ್ತೆ ಬಂದರು. ಬೆಟ್ಟದ ಮೇಲೆ ಅಂಥವರು ಕೂತಿದ್ದರೆ ಕೆಳಗಿನ ಊರುಗಳಿಗೆ ಆ ಗಾಳಿ ಬೀಸದೆ ಇರುತ್ತದೆಯೇ? ಮೂವತ್ತರ ದಶಕದಲ್ಲಿ ರುಮಾಲೆ ಕುಂಚ ಕೆಳಗಿಟ್ಟು ಕಾಂಗ್ರೆಸ್ ಸೇವಾದಳಕ್ಕೆ ಸೇರಿದರು. ಸೇವಾದಳವನ್ನು 1923ರಲ್ಲಿ ಕಟ್ಟಿದವರು ನಮ್ಮ ಕರ್ನಾಟಕದವರೇ ಆದ ನಾ.ಸು. ಹರ್ಡೀಕರರು. ಖಾದಿ ಸಮವಸ್ತ್ರ, ಬೆಳಗಿನ ಕವಾಯತು, ಧ್ವಜವಂದನೆ, ಶಿಬಿರ. ಭಾಷಣ ಮಾಡುವವರು ಬೇರೆ ಇದ್ದರು. ಸಭೆಗೆ ಹಗ್ಗ ಕಟ್ಟುವುದು, ಜನ ನೂಕಾಡದ ಹಾಗೆ ನೋಡಿಕೊಳ್ಳುವುದು, ಲಾಠಿ ಬಿದ್ದಾಗ ಮುಂದೆ ನಿಲ್ಲುವುದು ಸೇವಾದಳದವರ ಪಾಲಿಗೆ. ರುಮಾಲೆ ಅದರಲ್ಲಿ ಮುಖಂಡರಾದರು, ಜೈಲನ್ನೂ ಕಂಡರು.

1938ರ ಏಪ್ರಿಲ್ ತಿಂಗಳನ್ನು ಮಾತ್ರ ಸ್ವಲ್ಪ ನೆನಪಿಸಿಕೊಳ್ಳಬೇಕು. ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಅಧ್ಯಕ್ಷತೆ ವಹಿಸಿದ್ದ ಟಿ. ಸಿದ್ಧಲಿಂಗಯ್ಯನವರು ನಮ್ಮ ದೊಡ್ಡಬಳ್ಳಾಪುರದ ವಕೀಲರು. ಅದೇ ತಿಂಗಳು 25ರಂದು ಗೌರಿಬಿದನೂರಿನ ಕಡೆ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಹೆಣ ಬಿದ್ದವು. ಅಂದರೆ ಈ ಭಾಗದಲ್ಲಿ ಹೋರಾಟ ಪೇಪರಿನಲ್ಲಿ ಓದುವ ಸುದ್ದಿಯಾಗಿರಲಿಲ್ಲ, ರೈಲಿನಲ್ಲಿ ಎರಡು ಮೂರು ಗಂಟೆ ದೂರದ ಸಂಗತಿ. ಅಂಥ ಹೊತ್ತಿನಲ್ಲಿ ಮರದ ಕೆಳಗೆ ಕೂತು ಬಣ್ಣ ಕಲಸುತ್ತೇನೆ ಅಂದರೆ ಯಾರಿಗೂ ಸರಿ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ಹೋಲಿಕೆ ಹೇಳಿಬಿಡುತ್ತೇನೆ. ರುಮಾಲೆಯವರ ಚಿತ್ರ ನೋಡಿದ ಪಂಡಿತರೆಲ್ಲ ಹಾಲೆಂಡಿನ ವ್ಯಾನ್ ಗೋ ಹೆಸರು ಎತ್ತುತ್ತಾರೆ. ಮಂದವಾದ ಬಣ್ಣ, ಎದ್ದು ಕಾಣುವ ಕುಂಚದ ಗೆರೆ, ಉರಿಯುವಂಥ ಹಳದಿ. ಹೋಲಿಕೆ ಸರಿ ಇರಬಹುದು. ಆದರೆ ವಯಸ್ಸಿನ ಲೆಕ್ಕ ನೋಡಿ. ವ್ಯಾನ್ ಗೋ ಚಿತ್ರಕಾರನಾಗುತ್ತೇನೆ ಅಂತ ತೀರ್ಮಾನ ಮಾಡಿದ್ದು 27ನೇ ವಯಸ್ಸಿನಲ್ಲಿ, 1880ರಲ್ಲಿ. ಸತ್ತದ್ದು 37ರಲ್ಲಿ. ನಮ್ಮ ರುಮಾಲೆಗೆ 27 ವಯಸ್ಸು ಅಂದರೆ ಅದೇ 1938, ವಿದುರಾಶ್ವತ್ಥದ ವರ್ಷ. 37 ತುಂಬಿದ್ದು 1947ರಲ್ಲಿ, ಮೈಸೂರು ಚಲೋ ನಡೆದು ಜವಾಬ್ದಾರಿ ಸರ್ಕಾರ ಬಂದ ವರ್ಷ. ಆ ಡಚ್ಚಿನವನು ತನ್ನ ಕೆಲಸವನ್ನೆಲ್ಲ ಮುಗಿಸಿ ಹೋದ ಆ ಹತ್ತು ವರ್ಷವನ್ನು ನಮ್ಮವರು ಪೂರ್ತಿ ದೇಶಕ್ಕೆ ಕೊಟ್ಟುಬಿಟ್ಟರು.

ಸ್ವಾತಂತ್ರ್ಯ ಬಂದ ಮೇಲಾದರೂ ಕುಂಚ ಹಿಡಿದರೇ? ಇಲ್ಲ. ಶಾಸಕರಾಗಿ ವಿಧಾನಮಂಡಲದಲ್ಲಿ ಕೂತರು. ಪಿ.ಆರ್. ರಾಮಯ್ಯನವರು ಕಟ್ಟಿ ಬೆಳೆಸಿದ ತಾಯಿನಾಡು ದಿನಪತ್ರಿಕೆಗೆ ಸಂಪಾದಕರೂ ಆದರು. ಅದು ಕರ್ನಾಟಕದ ಏಕೀಕರಣದ ಕಾಲ. ಪತ್ರಿಕೆ ಕೆಲಸ ಏನು ಅಂತ ನಮ್ಮಂಥವರಿಗೆ ಗೊತ್ತು. ಸುದ್ದಿ ತಡವಾಗಿ ಬರುತ್ತದೆ, ಪ್ರೂಫ್ ತಪ್ಪು ಬರುತ್ತದೆ, ಕಾಗದದವನು ಬಾಕಿ ಕೇಳಿಕೊಂಡು ಬರುತ್ತಾನೆ. ಮನೆ ಸೇರುವ ಹೊತ್ತಿಗೆ ಕೈಗೆ ಅಂಟಿರುವುದು ಒಂದೇ ಬಣ್ಣ, ಅಚ್ಚುಮಸಿಯ ಕಪ್ಪು.

ಆಮೇಲೆ ಮನುಷ್ಯ ಮಾಡಿದ ಕೆಲಸ ಏನಪ್ಪಾ ಅಂದರೆ, 1962ರ ಸುಮಾರಿಗೆ ರಾಜಕೀಯ ಬಿಟ್ಟುಬಿಟ್ಟರು. ವಯಸ್ಸು ಐವತ್ತು ದಾಟಿತ್ತು. ಐವತ್ತು ದಾಟಿದ ರಾಜಕಾರಣಿ ಇನ್ನೂ ಮೇಲಿನ ಕುರ್ಚಿಗೆ ಟವೆಲ್ ಹಾಕುವುದನ್ನು ನೋಡಿದ್ದೇವೆ. ಮಗನಿಗೆ ಟಿಕೆಟ್ ಕೇಳುವುದನ್ನೂ ನೋಡಿದ್ದೇವೆ. ಕುರ್ಚಿ ಬಿಟ್ಟು ಕ್ಯಾನ್ವಾಸ್ ಹೊತ್ತುಕೊಂಡು ಲಾಲ್‌ಬಾಗಿಗೆ ಹೋದವರನ್ನು ಈ ಒಬ್ಬರನ್ನು ಬಿಟ್ಟರೆ ನಾನಂತೂ ಕೇಳಿಲ್ಲ. ಹೆಚ್ಚುಕಡಿಮೆ ಕಾಲು ಶತಮಾನ ಕುಂಚ ಮುಟ್ಟದ ಕೈ. ವಾದ್ಯ ನುಡಿಸುವವರು ಒಂದು ವರ್ಷ ಬಿಟ್ಟರೆ ಬೆರಳು ಮಾತು ಕೇಳುವುದಿಲ್ಲ ಅನ್ನುತ್ತಾರೆ. ಇವರ ಕೈ ಕೇಳಿತು.

ಬರೆದದ್ದು ಏನು? ಮುಖ್ಯವಾಗಿ ಮರ. ಬೆಂಗಳೂರಿನ ಹೂಬಿಟ್ಟ ಮರಗಳು, ಲಾಲ್‌ಬಾಗು, ಕಬ್ಬನ್ ಪಾರ್ಕು, ಕೆರೆ ದಂಡೆ. ಎಣ್ಣೆ ಬಣ್ಣದಲ್ಲೂ ಬರೆದರು, ನೀರ ಬಣ್ಣದಲ್ಲೂ ಬರೆದರು. ದೇಶಕ್ಕಾಗಿ ದುಡಿದವರು ಚಿತ್ರದಲ್ಲೂ ಗಾಂಧಿ, ಬಾವುಟ, ಮೆರವಣಿಗೆ ಬರೆದಿರುತ್ತಾರೆ ಅಂತ ಹೋದವರಿಗೆ ಕಾಣುವುದು ಗುಲ್‌ಮೊಹರಿನ ಕೆಂಪು, ಜಕರಂದದ ನೀಲಿ.

ಇದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಹೂಮರ ನಿಮ್ಮ ಅನುಕೂಲ ನೋಡಿಕೊಂಡು ಅರಳುವುದಿಲ್ಲ. ತಬೂಬಿಯಾ ಜನವರಿ ಫೆಬ್ರವರಿಯಲ್ಲಿ ಎಲೆ ಉದುರಿಸಿ ಮೈತುಂಬ ಹೂವಾಗಿ ನಿಂತರೆ ಎರಡು ವಾರವೂ ನಿಲ್ಲುವುದು ಕಷ್ಟ, ನಡುವೆ ಒಂದು ಮಳೆ ಬಿದ್ದರೆ ಎಲ್ಲಾ ರಸ್ತೆ ಪಾಲು. ಅದಾದ ಮೇಲೆ ಜಕರಂದ. ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರ್. ಬೆಳಗಿನ ಎಂಟು ಗಂಟೆ ಬಿಸಿಲಿನಲ್ಲಿ ಕಂಡ ಕೆಂಪು ಹನ್ನೊಂದಕ್ಕೆ ಇರುವುದಿಲ್ಲ. ಎಣ್ಣೆ ಬಣ್ಣ ಒಣಗುವುದಕ್ಕೆ ದಿನಗಟ್ಟಲೆ ಬೇಕು. ಆದ್ದರಿಂದ ಮರದ ಮುಂದೆ ನಿಂತೇ ಬರೆಯುವವನು ನಾಳೆ ಮತ್ತೆ ಅದೇ ಹೊತ್ತಿಗೆ ಬರಬೇಕು, ತಪ್ಪಿದರೆ ಮುಂದಿನ ವರ್ಷ. ನಮ್ಮ ರೇಷ್ಮೆ ರೈತ ಹುಳು ಹಣ್ಣಾಗುವ ದಿನ ಕಾಯುವ ಹಾಗೆ ಕಾಯಬೇಕು.

ಈ ಮರಗಳ ಹಿಂದೆ ಇನ್ನೊಂದು ಕಥೆ ಇದೆ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದ ಮತ್ತು ತಬೂಬಿಯಾ ದಕ್ಷಿಣ ಅಮೆರಿಕದ ಕಡೆಯವು. 1908ರಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಇಂಥ ಮರಗಳನ್ನು ಆರಿಸಿ ಹಾಕಿಸಿದ. ಬ್ರಿಟಿಷರ ವಿರುದ್ಧ ಕವಾಯತು ಮಾಡಿದ ದೊಡ್ಡಬಳ್ಳಾಪುರದವರು ಕೊನೆಗೆ ಪರದೇಶದಿಂದ ಬಂದ ಮರಕ್ಕೆ ಮನಸೋತರು. ಖಾದಿ ಹಾಕಿದವರಿಗೆ ಹೂವಿನ ಮೇಲೆ ಹಗೆ ಇರಬೇಕೆಂದು ಯಾವ ಕಾನೂನಿದೆ?

ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರಿಗೆ ಇದರ ಬೆಲೆ ತಟ್ಟಂತ ಗೊತ್ತಾಗುತ್ತದೆ. ನೀವು ಇಳಿಯುವ ಮೆಜೆಸ್ಟಿಕ್ ನಿಲ್ದಾಣವೇ ಹಿಂದೆ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಎಂ.ಜಿ. ರಸ್ತೆಯ ಒಂದು ಮಗ್ಗುಲಿಗಿದ್ದ ಮರದ ಸಾಲು ಮೆಟ್ರೋ ಕಾಮಗಾರಿಗೆ ಹೋಯಿತು. ರಸ್ತೆ ಅಗಲ ಮಾಡುವುದಕ್ಕೆ ಹೋದ ಮರಗಳಿಗೆ ಲೆಕ್ಕ ಇಟ್ಟವರಾರು? ರುಮಾಲೆ ಬರೆದ ಅರವತ್ತು, ಎಪ್ಪತ್ತು, ಎಂಬತ್ತರ ದಶಕದ ಬೆಂಗಳೂರು ಇನ್ನು ನೋಡಲು ಸಿಗುವುದು ಕ್ಯಾನ್ವಾಸಿನ ಮೇಲೆ. ಗೊತ್ತಿಲ್ಲದೆಯೇ ಆ ಮನುಷ್ಯ ಒಂದು ಊರಿನ ಮರಗಳ ಖಾತೆಪುಸ್ತಕ ಬರೆದಿಟ್ಟು ಹೋದರು. 1988ರಲ್ಲಿ ತೀರಿಕೊಂಡರು. ವ್ಯಾನ್ ಗೋಗೆ ಸಿಕ್ಕಿದ್ದು ಹತ್ತು ವರ್ಷ, ಇವರು ಐವತ್ತರ ಮೇಲೆ ಸಂಪಾದಿಸಿದ್ದು ಇಪ್ಪತ್ತೈದಕ್ಕೂ ಹೆಚ್ಚು.

ಸರಿ, ಈಗ ನೋಡುವುದೆಲ್ಲಿ? ರವಿವರ್ಮರ ಮೂಲ ಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆ ಇದೆ. ಮೈಸೂರು ಆಸ್ಥಾನದ ಕೆ. ವೆಂಕಟಪ್ಪನವರು 1965ರಲ್ಲಿ ಹೋದ ಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಹಳೇ ಮ್ಯೂಸಿಯಂ ಪಕ್ಕದಲ್ಲಿ, ಸರ್ಕಾರ ಅವರ ಹೆಸರಿನ ಆರ್ಟ್ ಗ್ಯಾಲರಿಯನ್ನೇ ಕಟ್ಟಿಸಿತು. ರುಮಾಲೆಯವರಿಗೆ ಅರಮನೆಯೂ ಇಲ್ಲ, ಸರ್ಕಾರದ ಕಟ್ಟಡವೂ ಇಲ್ಲ. ಅವರ ಚಿತ್ರಗಳನ್ನು ಜೋಪಾನ ಮಾಡಿಕೊಂಡು ಬಂದದ್ದು ರಾಜಾಜಿನಗರದ ರುಮಾಲೆ ಹೌಸ್. ಅಭಿಮಾನ ಇದ್ದವರು ಕಾಪಾಡಿದ್ದರಿಂದ ಉಳಿದಿವೆ. ಮಳೆಗಾಲದ ತೇವ, ಗೆದ್ದಲು, ಬಿಸಿಲು ಇವುಗಳಿಂದ ಎಣ್ಣೆ ಚಿತ್ರ ಕಾಯುವುದು ಎಷ್ಟು ಕಷ್ಟ ಅಂತ ರೇಷ್ಮೆ ಸೀರೆ ಸ್ಟಾಕ್ ಇಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ.

ನನ್ನ ತಕರಾರು ಇರುವುದು ನಮ್ಮವರ ಮೇಲೆಯೇ. ಹೊಸ ವರ್ಷ ಬಂತೆಂದರೆ ಈ ಊರಿನ ಸೀರೆ ವ್ಯಾಪಾರಿಗಳು, ಗೊಬ್ಬರದಂಗಡಿಯವರು, ಸೊಸೈಟಿಯವರು ಸಾವಿರಗಟ್ಟಲೆ ಕ್ಯಾಲೆಂಡರ್ ಮಾಡಿಸಿ ಹಂಚುತ್ತೀರಿ. ಅದರ ಮೇಲೆ ಸ್ವಿಟ್ಜರ್ಲೆಂಡಿನ ಹಿಮ ಇರುತ್ತದೆ, ಯಾವುದೋ ದೇಶದ ಟ್ಯೂಲಿಪ್ ಹೂವಿನ ಗದ್ದೆ ಇರುತ್ತದೆ. ಲಕ್ಷ್ಮಿ ಇರಲಿ, ವೆಂಕಟರಮಣ ಇರಲಿ, ಅವರನ್ನು ತೆಗೆಯಿರಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ಆದರೆ ಟ್ಯೂಲಿಪ್ ಜಾಗದಲ್ಲಿ, ಚಿತ್ರಗಳನ್ನು ಕಾಯ್ದುಕೊಂಡವರ ಒಪ್ಪಿಗೆ ಪಡೆದು, ರುಮಾಲೆಯವರ ಗುಲ್‌ಮೊಹರ್ ಹಾಕಿಸಬಾರದೇ? ಕೆಳಗೆ ಸಣ್ಣ ಅಕ್ಷರದಲ್ಲಿ ಹುಟ್ಟೂರು ದೊಡ್ಡಬಳ್ಳಾಪುರ ಅಂತ ಒಂದು ಸಾಲು. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲೂ ಗೋಡೆಗಳಿಗೇನು ಬರವಿಲ್ಲ. ಅರ್ಜಿ ಹಿಡಿದು ಕಾಯುವ ಜನಕ್ಕೆ ನೋಡುವುದಕ್ಕೆ ಒಂದು ಹೂವಿನ ಮರವಾದರೂ ಆದೀತು.

ಅಲ್ಲಿಯವರೆಗೆ ಬಸ್ಸಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿಯವರು ಹೆಬ್ಬಾಳದ ಮೇಲೆ, ಹೊಸಕೋಟೆಯವರು ಕೆ.ಆರ್. ಪುರದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿ ಅಲ್ಲಿಂದ ರಾಜಾಜಿನಗರದ ಬಸ್ಸು ಹಿಡಿಯಬಹುದು. ನೆಲಮಂಗಲದವರಿಗೆ ಇನ್ನೂ ಸಲೀಸು. 2024ರಿಂದ ಮಾದಾವರಕ್ಕೆ ಮೆಟ್ರೋ ಬಂದಿದೆ, ಅದೇ ಹಸಿರು ಮಾರ್ಗದಲ್ಲಿ ರಾಜಾಜಿನಗರ ನಿಲ್ದಾಣ. ಅಲ್ಲಿ ಇಳಿದು ರುಮಾಲೆ ಹೌಸ್ ಎಲ್ಲಿ ಅಂತ ಕೇಳಿಕೊಂಡು ಹೋಗಬೇಕು. ಹೊರಡುವ ಮೊದಲು ಬಾಗಿಲು ತೆರೆದಿರುವ ದಿನ ಮತ್ತು ಸಮಯ ವಿಚಾರಿಸಿಕೊಳ್ಳಿ. ಮಾರ್ಚ್ ತಿಂಗಳಲ್ಲಿ ಹೋದರೆ ದಾರಿಯಲ್ಲಿ ಉಳಿದಿರುವ ಒಂದೆರಡು ಜಕರಂದವನ್ನೂ ಕಿಟಕಿಯಿಂದ ನೋಡಿಕೊಂಡು ಹೋಗಬಹುದು.