ಥೇಮ್ಸ್ ನದಿಯಲ್ಲಿ ವಿದ್ಯುತ್ತನ್ನು ಅರಸಿದ ಮೈಕೇಲ್ ಫ್ಯಾರಡೆ

ಬಡತನವು ಶಾಲೆಯ ಬಾಗಿಲನ್ನು ಮುಚ್ಚಬಹುದು. ಜ್ಞಾನದ ಹಸಿವನ್ನು ಅಡಗಿಸಲಾರದು. ಇದಕ್ಕೆ ಮೈಕೇಲ್ ಫ್ಯಾರಡೆಯವರ ಬಾಳು ಉಜ್ವಲ ನಿದರ್ಶನವಾಗಿದೆ. ಅವರು 1791ರ ಸೆಪ್ಟೆಂಬರ್ 22ರಂದು ಲಂಡನ್ ನಗರದ ದಕ್ಷಿಣ ಭಾಗದಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದರು. ಓದು, ಬರಹ, ಲೆಕ್ಕ ಇಷ್ಟೇ ಅವರಿಗೆ ದೊರೆತ ಶಾಲಾ ಶಿಕ್ಷಣ. ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿ, ಬಳಿಕ ಏಳು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತರು. ಕೈಗೆ ಬಂದ ಗ್ರಂಥಗಳನ್ನು ಓದಲು ಯಜಮಾನನು ಅಡ್ಡಿ ಮಾಡಲಿಲ್ಲ.

1812ರಲ್ಲಿ ಅಂಗಡಿಯ ಗಿರಾಕಿ ವಿಲಿಯಂ ಡಾನ್ಸ್ ಎಂಬವರು ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಪ್ರವೇಶಪತ್ರಗಳನ್ನು ಕೊಡಿಸಿದರು. ಫ್ಯಾರಡೆಯವರು ಕೇಳಿದುದನ್ನೆಲ್ಲ ಬರೆದು, ಸ್ವತಃ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದರು. 1813ರ ಮಾರ್ಚ್ ತಿಂಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅವರಿಗೆ ಸಹಾಯಕನ ಕೆಲಸ ದೊರೆಯಿತು.

1831ರ ಆಗಸ್ಟ್ 29ರಂದು ಅವರು ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದರು. ಕಾಂತಕ್ಷೇತ್ರದಲ್ಲಿ ಚಲಿಸುವ ಲೋಹದಲ್ಲಿ ವಿದ್ಯುತ್ತು ಹುಟ್ಟುವುದಾದರೆ, ಹರಿಯುವ ನೀರಿನಲ್ಲಿ ಏಕೆ ಹುಟ್ಟಬಾರದು? ಭೂಮಿಯೇ ಒಂದು ದೊಡ್ಡ ಕಾಂತ. ನದಿಯ ನೀರೂ ಅಲ್ಪಮಟ್ಟಿಗೆ ವಿದ್ಯುದ್ವಾಹಕ. ಇದನ್ನು ಪರೀಕ್ಷಿಸಲು 1832ರ ಜನವರಿಯಲ್ಲಿ ಥೇಮ್ಸ್ ನದಿಯ ವಾಟರ್‌ಲೂ ಸೇತುವೆಯ ಅಂಚುಗೋಡೆಯ ಮೇಲೆ 960 ಅಡಿ ಉದ್ದದ ತಾಮ್ರದ ತಂತಿಯನ್ನು ಹಾಸಿ, ಅದರ ಎರಡೂ ತುದಿಗಳಿಂದ ಲೋಹದ ಫಲಕಗಳನ್ನು ನೀರಿಗೆ ಇಳಿಬಿಟ್ಟರು. ಮಾಪಕದ ಮುಳ್ಳು ಅಲುಗಿತು; ಆದರೆ ಅದರ ಚಲನೆಯಲ್ಲಿ ಕ್ರಮವಿರಲಿಲ್ಲ. ನೀರಿನ ಶುದ್ಧತೆ ಮತ್ತು ಉಷ್ಣತೆಗಳ ವ್ಯತ್ಯಾಸ, ಫಲಕಗಳ ಅಸಮತೆ ಇವೇ ಅದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ತಾಮ್ರದ ಬದಲು ಪ್ಲಾಟಿನಂ ಫಲಕಗಳನ್ನಿಟ್ಟು ನೋಡಿದರೂ ಮೂರು ದಿನಗಳ ಶ್ರಮ ಫಲಿಸಲಿಲ್ಲ.

ಮುಳ್ಳು ಅಲುಗಿದುದನ್ನೇ ಜಯವೆಂದು ಸಾರಲು ಅವರ ಮನಸ್ಸು ಒಪ್ಪಲಿಲ್ಲ. ಸೋಲನ್ನು ಸೋಲೆಂದೇ ತಮ್ಮ ಪ್ರಬಂಧದಲ್ಲಿ ಬರೆದರು; ತತ್ತ್ವದಲ್ಲಿ ಮಾತ್ರ ನಂಬಿಕೆಯನ್ನು ಬಿಡಲಿಲ್ಲ. ಆ ನಂಬಿಕೆಯನ್ನು ಕಾಲವೇ ಸಮರ್ಥಿಸಿತು. 1937ರಲ್ಲಿ ಡೆನ್ಮಾರ್ಕಿನ ಹಾರ್ಟ್‌ಮನ್ ಅವರು ಕಾಂತಕ್ಷೇತ್ರದೊಳಗೆ ಪಾದರಸದ ಹರಿವನ್ನು ವಿವರಿಸಿದರು. 1942ರಲ್ಲಿ ಇಂತಹ ದ್ರವಗಳಲ್ಲಿ ಒಂದು ಬಗೆಯ ಅಲೆಗಳು ಏಳುವುವೆಂದು ತೋರಿಸಿಕೊಟ್ಟ ಸ್ವೀಡನ್ನಿನ ಆಲ್ಫ್‌ವೆನ್ ಅವರಿಗೆ 1970ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಾಂತಕ್ಷೇತ್ರವು ದ್ರವಲೋಹದ ಸುಳಿಗಳನ್ನು ಅಡಗಿಸಿ ಶಾಖದ ಸಾಗಣೆಯನ್ನು ತಗ್ಗಿಸಬಲ್ಲದು. ಆದುದರಿಂದ ಲೋಹದ ಎರಕದಲ್ಲಿಯೂ ಪರಮಾಣು ಸಮ್ಮಿಲನದ ಸ್ಥಾವರಗಳ ವಿನ್ಯಾಸದಲ್ಲಿಯೂ ಈ ಶಾಸ್ತ್ರಕ್ಕೆ ಮಹತ್ತ್ವದ ಸ್ಥಾನವಿದೆ.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ನಿರಾಕರಿಸಿದ ಈ ನಿಗರ್ವಿಯು ಮಕ್ಕಳಿಗೆ ಕ್ರಿಸ್‌ಮಸ್ ಉಪನ್ಯಾಸಗಳನ್ನು ನೀಡುವುದರಲ್ಲಿ ಸಂತೋಷ ಕಂಡರು. 1867ರ ಆಗಸ್ಟ್ 25ರಂದು ಅವರು ನಿಧನರಾದರು. ಓದಲು ಬಿಟ್ಟ ಒಬ್ಬ ಯಜಮಾನ, ಪ್ರವೇಶಪತ್ರ ಕೊಡಿಸಿದ ಒಬ್ಬ ಗಿರಾಕಿ ಇವರ ಸಣ್ಣ ಉಪಕಾರಗಳು ಜಗತ್ತಿಗೆ ಬೆಳಕಾಗಿ ಪರಿಣಮಿಸಿದವು. ವಿದ್ಯೆಗಾಗಿ ನೀಡಿದ ಕೊಡುಗೆ ಎಷ್ಟೇ ಕಿರಿದಾಗಿರಲಿ, ಅದರ ಫಲವನ್ನು ಮುಂಚಿತವಾಗಿ ಅಳೆಯುವ ಮಾಪಕವಿಲ್ಲ.